ಎಣ್ಣಿ (ಬೆಳೆಗೆ ಹೊಡೆಯುವ ಕೀಟನಾಶಕ) ಹೊಡೆದು ಬಂದವನ ಉಸಿರು: ನಮ್ಮ ಗ್ರೂಪಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲಾರಿಗೂ ನಮಸ್ಕಾರ. ಇವತ್ತು ಭಾನುವಾರ, ಮಧ್ಯಾಹ್ನ 2ರಿಂದ 4ರ ತನಕ ಡಾಕ್ಟರ್ ಮೇಡಂ ಗ್ರೂಪಿನ್ಯಾಗ ಇರ್ತಾರ. ಎಸ್ಸೆಸ್ಸೆಲ್ಸಿ ಹುಡುಗರ ಪರೀಕ್ಷಿ ಹತ್ರ ಬಂತು, ಅದಕ್ಕ ಮಾಸ್ತರು ಹೇಳಿದ ವಿಷಯ ‘ಜೀವಕ್ರಿಯೆಗಳು’. ಗಿಡದ್ದೂ ಕೇಳ್ರಿ, ಮನುಷ್ಯಾರ್ದೂ ಕೇಳ್ರಿ. ಸಿಂಧನೂರು ತಾಲೂಕಿನ ಹಳ್ಳಿಯವರು, ಕ್ಯಾಂಪಿನವರು ಯಾರಾದ್ರೂ ಕೇಳಬಹುದು. ಫಾರ್ವರ್ಡ್ ಹಾಕಬ್ಯಾಡ್ರಿ.

ನಿವೃತ್ತ ಕಂಡಕ್ಟರ್: ಮೇಡಂ, ನಮ್ಮ ಅಳಿಯ ಕಳಿಸ್ಯಾನ. ‘ಅರಳಿ ಮರ 24 ತಾಸೂ ಆಕ್ಸಿಜನ್ ಕೊಡ್ತದ, ರಾತ್ರಿ ಅದರ ಕೆಳಗ 40 ದಿನ ಮಲಗಿದ್ರ ಬಿಪಿ, ಶುಗರ್ ಎರಡೂ ಹೋಗ್ತಾವ.’ ಖರೇ ಏನ್ರಿ?

ಡಾಕ್ಟರ್: ಖರೇ ಅಲ್ಲ ಕಾಕಾರ. ಎಲೆ ಆಮ್ಲಜನಕ ಬಿಡಬೇಕಾದರೆ ಬೆಳಕು ಬೇಕೇ ಬೇಕು. ಬೆಳಕಿನ ಬಲದಿಂದ ನೀರು ಒಡೆದಾಗ ಹೊರಬೀಳುವುದೇ ಆಮ್ಲಜನಕ. ಹೊತ್ತು ಮುಳುಗಿದ ಮೇಲೆ ಅರಳಿ, ಬೇವು, ತುಳಸಿ ಯಾವುದೂ ಅದನ್ನು ಕೊಡುವುದಿಲ್ಲ. ನಮ್ಮ ಹಾಗೆಯೇ ಆಮ್ಲಜನಕ ತೊಗೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಪಾಪಾಸುಕಳ್ಳಿ, ಡ್ರ್ಯಾಗನ್ ಫ್ರೂಟ್‌ನಂಥ ಗಿಡಗಳು ರಾತ್ರಿ ಪತ್ರರಂಧ್ರ ಎಂಬ ಸಣ್ಣ ತೂತುಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಕೂಡಿಟ್ಟುಕೊಳ್ಳುತ್ತವೆ. ಅವೂ ಆಮ್ಲಜನಕ ಬಿಡುವುದು ಬೆಳಗಾದ ಮೇಲೆಯೇ. ಕಟ್ಟೆ ಮೇಲೆ ಮಲಗಬೇಕಾದರೆ ಮಲಗಿ, ತಂಪಿರುತ್ತದೆ. ಶುಗರ್ ಗುಳಿಗೆ ಮಾತ್ರ ನಿಲ್ಲಿಸಬೇಡಿ.

ಹತ್ತನೇತ್ತೆ ಹುಡುಗಿ: ಹಂಗಾದ್ರ ಗಿಡ ಹಗಲಿ ದ್ಯುತಿಸಂಶ್ಲೇಷಣೆ, ರಾತ್ರಿ ಉಸಿರಾಟ ಮಾಡ್ತದ ಅಂತ ಬರೀಬೇಕಾ?

ಸೈನ್ಸ್ ಮಾಸ್ತರ್: ಬ್ಯಾಡವಾ, ಅಲ್ಲೇ ಮಾರ್ಕ್ಸ್ ಹೋಗ್ತಾವ. ಉಸಿರಾಟ ಹಗಲು ರಾತ್ರಿ ಎರಡೂ ಹೊತ್ತು. ಹಗಲಿ ಉಸಿರಾಟದಾಗ ಬಂದ ಇಂಗಾಲದ ಡೈಆಕ್ಸೈಡನ್ನ ಎಲಿನೇ ಬಳಸಿಕೊಂಡು ಬಿಡ್ತದ, ಅದಕ್ಕ ಹೊರಗ ತೋರಂಗಿಲ್ಲ.

ನಿವೃತ್ತ ಕಂಡಕ್ಟರ್: ಮಾಸ್ತರ, ನೀವು ಹುಟ್ಟೋಕಿಂತ ಮೊದ್ಲಿಂದ ನಾ ಅರಳಿಕಟ್ಟಿಮ್ಯಾಗ ಮಲಗೀನಿ. ಹಿರಿಯರು ಸುಮ್ಮನ ಪೂಜಿ ಮಾಡ್ತಿದ್ರಾ?

ಸೈನ್ಸ್ ಮಾಸ್ತರ್: ಪೂಜಿ ಮಾಡ್ರಿ, ಯಾರು ಬ್ಯಾಡ ಅಂದಾರ. ಪಾಠ ಬ್ಯಾರೆ ಐತಿ.

ಕಾಲುವಿ ಕೊನಿ ರೈತ: ಒಂದು ನಂದೂ. ನೆಲ್ಲು ತಿಂಗಳಗಟ್ಟಲೆ ನೀರಾಗ ನಿಂತ್ರೂ ಏನೂ ಆಗಂಗಿಲ್ಲ, ಮೆಣಸಿನಗಿಡಕ್ಕ ಎರಡು ದಿನ ನೀರು ನಿಂತ್ರ ಬಾಡಿ ಬೀಳ್ತದ. ಯಾಕ?

ಸೈನ್ಸ್ ಮಾಸ್ತರ್: ಬೇರೂ ಉಸಿರಾಡ್ತದ ಅಣ್ಣಾರ. ನೆಲ್ಲಿನ ಕಾಂಡ, ಬೇರಿನ ಒಳಗ ಗಾಳಿ ಹೋಗೋ ಪೊಳ್ಳು ಜಾಗ ಅದಾವ, ಮ್ಯಾಲಿನ ಗಾಳಿ ಬೇರಿನ ತನಕ ಇಳೀತದ. ಮೆಣಸಿನಗಿಡಕ್ಕ ಆ ಅನುಕೂಲ ಇಲ್ಲ. ಉಸಿರು ಕಟ್ಟಿದ ಬೇರಿಗೆ ನೀರು ಎಳಿಯೋ ಶಕ್ತಿ ಹೋಗ್ತದ, ನೀರಾಗ ನಿಂತೇ ಒಣಗ್ತದ.

ಕಿರಾಣಿ ಅಂಗಡಿ: ಮೇಡಂ ಬಿಸಿಲಿಗೆ ಸುಸ್ತು ಭಾಳ. ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡ್ರ ಶಕ್ತಿ ಬರ್ತದ ಅಲ್ರಿ?

ಡಾಕ್ಟರ್: ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಸುಮಾರು 100 ಕ್ಯಾಲರಿ. ಒಂದು ಜೋಳದ ರೊಟ್ಟಿ ತಿನ್ನಿ. ವಾಂತಿಭೇದಿ ಇದ್ದರೆ ಓಆರ್‌ಎಸ್ ಪೊಟ್ಟಣವನ್ನು 1 ಲೀಟರ್ ನೀರಿಗೆ ಪೂರ್ತಿ ಹಾಕಿ ಕುಡಿಯಿರಿ.

ಅಂಗನವಾಡಿ ಅಕ್ಕ: ಮೇಡಂ, ನಮ್ಮಲ್ಲಿ ಒಂದು ಕೂಸು, ಮೂರು ವರ್ಷದ್ದು, ಗೋಡಿ ಮಣ್ಣು ಕೆರೆಕೆರೆದು ತಿಂತೈತಿ. ಬಡದ್ರೂ ಬಿಡವಲ್ದು. ಮುಖ ಬಿಳಿಚಿಕೊಂಡೈತಿ. ಏನು ಮಾಡ್ಬೇಕ್ರಿ?

ಟ್ರ್ಯಾಕ್ಟರ್ ಡ್ರೈವರ್: ಕಿಡ್ನಿ ಸ್ಟೋನಿಗೆ ಬಾಳಿದಿಂಡಿನ ರಸ ಕುಡೀಬಹುದಾ?

ಡಾಕ್ಟರ್: ಹೋದ ವಾರ ಹೇಳಿದ್ದೇನೆ. ಮೇಲೆ ನೋಡಿ.

ಕ್ಯಾಂಪಿನ ಅಕ್ಕ (2:40): ಮೇಡಂರ ಜಲ್ದಿ ಹೇಳ್ರಿ. ನಮ್ಮ ಮೈದುನ ಮುಂಜಾನಿಂದ ನೆಲ್ಲಿಗೆ ಎಣ್ಣಿ ಹೊಡ್ಯಾಕ ಹೋಗಿದ್ದ. ಈಗ ಬಂದಾನ, ಎರಡು ಸಲ ವಾಂತಿ, ಬೆವರು ಇಳೀತೈತಿ, ಬಾಯಾಗ ಜೊಲ್ಲು, ಕಣ್ಣು ಮಂಜು ಅಂತಾನ. ಅತ್ತಿ ಬಿಸಿಲು ಬಡದೈತಿ ಅಂತ ಮಜ್ಜಿಗಿ ಕುಡಸಾಕತ್ತಾರ. ಯಾವ ಗುಳಿಗಿ ಕೊಡ್ಲಿ?

ಡಾಕ್ಟರ್: ಮಜ್ಜಿಗೆ ನಿಲ್ಲಿಸಿ. ಬಾಯಿಗೆ ಏನೂ ಹಾಕಬೇಡಿ. ಕಣ್ಣ ನಡುವಿನ ಕರಿ ಚುಕ್ಕೆ ನೋಡಿ, ಎಷ್ಟು ದೊಡ್ಡದಿದೆ?

ಕ್ಯಾಂಪಿನ ಅಕ್ಕ: ಸಾಸಿವಿ ಕಾಳಿಗಿಂತ ಸಣ್ಣದು ಕಾಣ್ತೈತ್ರಿ.

ಡಾಕ್ಟರ್: ಇದು ಬಿಸಿಲಲ್ಲ. ವಿಷ ಏರಿದೆ. 108ಕ್ಕೆ ಫೋನ್ ಮಾಡಿ, ಬರುವುದು ತಡವಾದರೆ ಯಾರದಾದರೂ ಗಾಡಿ ಹಿಡಿಯಿರಿ. ಗಾಡಿ ಬರುವ ತನಕ ಅಂಗಿ, ಲುಂಗಿ, ಬನಿಯನ್ ಎಲ್ಲ ತೆಗೆದು ಸಾಬೂನು ಹಚ್ಚಿ ಮೈ ತೊಳೆಯಿರಿ. ಕೂದಲು, ಉಗುರು, ಕಂಕುಳ ಬಿಡಬೇಡಿ. ತೊಳೆಯುವವರು ಕೈಗೆ ಗ್ಲೌಸ್ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಎಡ ಮಗ್ಗುಲಿಗೆ ಮಲಗಿಸಿ, ಜೊಲ್ಲು ಹೊರಗೆ ಹರಿಯಲಿ. ಹೊಡೆದ ಎಣ್ಣೆಯ ಬಾಟಲಿಯನ್ನು ಕೈಬಿಡದೆ ತನ್ನಿ. ರಾಯಚೂರಿಗೆ ಸೀದಾ ಓಡಬೇಡಿ, ಮೊದಲು ಹತ್ತಿರದ ದವಾಖಾನೆ. ಈ ವಿಷಕ್ಕೆ ಕೊಡುವ ಅಟ್ರೋಪಿನ್ ಸೂಜಿ ಅಲ್ಲೇ ಶುರುವಾಗಬೇಕು.

ನಿವೃತ್ತ ಕಂಡಕ್ಟರ್: ಹುಣಸಿಹಣ್ಣಿನ ನೀರು, ತತ್ತಿ ಬಿಳಿ ಕುಡಿಸಿ ವಾಂತಿ ಮಾಡಸ್ರಿ ತಂಗಿ, ವಿಷ ಪೂರಾ ಇಳೀತದ. ಫಾರ್ವರ್ಡ್ ಬಂದಿತ್ತು, ಹುಡುಕಿ ಹಾಕ್ತೀನಿ.

ಡಾಕ್ಟರ್: ಹಾಕಬೇಡಿ. ಕಾಕಾರ, ನಿಮ್ಮ ಕಾಲು ಮುಗಿಯುತ್ತೇನೆ, ಹಾಕಬೇಡಿ. ಈ ಮನುಷ್ಯ ವಿಷ ಕುಡಿದಿಲ್ಲ, ಚರ್ಮದಿಂದ ಒಳಗೆ ಹೋಗಿದೆ. ಹೊಟ್ಟೆ ಖಾಲಿ ಮಾಡಿದರೆ ಏನು ಇಳಿಯುತ್ತದೆ? ಕುಡಿದಿದ್ದರೂ ಮನೆಯಲ್ಲಿ ವಾಂತಿ ಮಾಡಿಸುವುದು ತಪ್ಪು. ಅರೆ ಎಚ್ಚರದಲ್ಲಿರುವವನ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿಗೇ ಉಸಿರು ಕಟ್ಟುತ್ತದೆ. ಹುಣಸೆ ನೀರು, ತತ್ತಿ, ಹಾಲು, ಸಗಣಿ ನೀರು ಕುಡಿಸಿ ಒಂದು ತಾಸು ಕಳೆದು ಆಮೇಲೆ ಕರೆತಂದವರನ್ನು ನಾನು ಕಂಡಿದ್ದೇನೆ. ಆ ಒಂದು ತಾಸನ್ನು ನಾವು ಯಾವ ಔಷಧಿಯಿಂದಲೂ ವಾಪಸು ತರಲಾರೆವು.

ಪಂಪಿನ ಕೂಲಿಯವ: ಇದಕ್ಕೆಲ್ಲಾ ಅಂಗಡಿಯವರೇ ಕಾರಣ. ಮೂರು ನಮೂನಿ ಎಣ್ಣಿ ಒಂದ ಪಂಪಿಗೆ ಕಲಸಿ ಹೊಡೀರಿ ಅಂತ ಹೇಳಿ ಕಳಸ್ತಾರ.

ಗೊಬ್ಬರದ ಅಂಗಡಿ: ಯಾವ ಅಂಗಡಿ? ನಾವು ಹಂಗ ಹೇಳಂಗಿಲ್ಲ. ಡಬ್ಬಿ ಜೊತಿ ಗ್ಲೌಸ್ ಕೊಟ್ರೂ ನೀವು ಹಾಕ್ಕೊಳ್ಳಂಗಿಲ್ಲ, ಬರೇ ಕೈಲೆ ಕಲಸ್ತೀರಿ, ನಾಜಲ್ ಕಟ್ಟಿದ್ರ ಬಾಯಿಲೆ ಊದ್ತೀರಿ. ಅದನ್ನ ಹೇಳ್ರಿ.

ಪಂಪಿನ ಕೂಲಿಯವ: 40 ಡಿಗ್ರಿ ಬಿಸಿಲಾಗ, ಕೆಸರಾಗ ನಿಂತು, ಬೆನ್ನಮ್ಯಾಗ 16 ಲೀಟರ್ ಹೊತ್ತು ಗ್ಲೌಸ್ ಹಾಕ್ಕೊಂಡು ನಡದು ತೋರಸ್ರಿ ನೀವು. ನೆರಳಾಗ ಕುಂತವರಿಗೆ ಏನು ಗೊತ್ತು.

ಗೊಬ್ಬರದ ಅಂಗಡಿ: ಉದ್ರಿ ತೊಗೊಳ್ಳೋವಾಗ ನೆರಳು ಬೇಕಿತ್ತಲ್ಲ.

ಪಂಪಿನ ಕೂಲಿಯವ: ಬಾಯಿ ಬಿಗಿ ಹಿಡಿ ಸಾವ್ಕಾರ.

ಅಡ್ಮಿನ್: ಇಬ್ರೂ ಸಾಕು. ಮುಂದಿನ ಮೆಸೇಜಿಗೆ ತೆಗೀತೀನಿ.

ಕಾಲುವಿ ಕೊನಿ ರೈತ: ತೆಗಿಯೋದಿದ್ರ ಅಂಗಡಿಯವರನ್ನ ತೆಗೀರಿ. ಕೂಲಿಯವ ಖರೇನೇ ಹೇಳ್ಯಾನ.

ಅಂಗನವಾಡಿ ಅಕ್ಕ: ಮೇಡಂ, ಮಣ್ಣು ತಿನ್ನೋ ಕೂಸಿಂದು ಕೇಳಿದ್ನಿ.

ಕ್ಯಾಂಪಿನ ಅಕ್ಕ (3:35): ದವಾಖಾನ್ಯಾಗ ಅದೀವಿ. ಸೂಜಿ ಮ್ಯಾಲ ಸೂಜಿ ಹಾಕಾಕತ್ತಾರ. ಬಾಟ್ಲಿ ನೋಡಿ ಆರ್ಗನೋಫಾಸ್ಫೇಟ್ ಅನ್ನೋ ಜಾತಿ ಎಣ್ಣಿ ಅಂದ್ರು. ಮೈಯೆಲ್ಲಾ ಅದರಾಕತ್ತೈತಿ. ಇದೇನು ರೋಗ ಮೇಡಂ? ಕುಡಿದಿಲ್ಲ, ಏನಿಲ್ಲ.

ಡಾಕ್ಟರ್: ಬೇಗ ಮುಟ್ಟಿದಿರಿ, ಒಳ್ಳೆಯದಾಯಿತು. ಈಗ ಸಮಾಧಾನವಾಗಿ ಓದಿ, ಎಲ್ಲರೂ ಓದಲಿ.

ನಮ್ಮ ನರದ ತುದಿಯಿಂದ ಸ್ನಾಯುವಿಗೆ, ಜೊಲ್ಲು ಬೆವರಿನ ಗ್ರಂಥಿಗಳಿಗೆ ಸುದ್ದಿ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಎಂಬ ವಸ್ತು. ಸುದ್ದಿ ಮುಟ್ಟಿದ ಕೂಡಲೇ ಅದನ್ನು ಒಡೆದು ಹಾಕಲು ಒಂದು ಕಿಣ್ವ ಇರುತ್ತದೆ. ನಿಮ್ಮ ಕಾಲುವೆ ತೂಬಿನ ಹಾಗೆ ತಿಳಿದುಕೊಳ್ಳಿ. ಹಲಗೆ ಎತ್ತಿದರೆ ನೀರು, ಇಳಿಸಿದರೆ ಬಂದ್. ಈ ಎಣ್ಣೆ ಹಲಗೆಯನ್ನೇ ಹಿಡಿದು ಇಳಿಯಗೊಡುವುದಿಲ್ಲ. ಆಮೇಲೆ ಗದ್ದೆ ತುಂಬಿ ಬದು ಒಡೆಯುವ ತನಕ ನೀರು ಹರಿಯುತ್ತಲೇ ಇರುತ್ತದೆ. ಅದಕ್ಕೇ ಜೊಲ್ಲು, ಬೆವರು, ಕಣ್ಣೀರು, ಭೇದಿ ಒಟ್ಟಿಗೇ. ಕಣ್ಣಿನ ಚುಕ್ಕೆ ಕುಗ್ಗುತ್ತದೆ, ನಾಡಿ ನಿಧಾನವಾಗುತ್ತದೆ, ಸ್ನಾಯು ಅದುರುತ್ತವೆ, ಅದುರಿ ಅದುರಿ ಸೋಲುತ್ತವೆ. ಬಿಸಿಲು ಬಡಿದವನಿಗೆ ಮೈ ಕಾದ ಹಂಚಿನಂತಿರುತ್ತದೆ, ಬುದ್ಧಿ ತಪ್ಪುತ್ತದೆ. ಈ ಜೊಲ್ಲು, ಈ ಸಾಸಿವೆ ಕಾಳಿನ ಕಣ್ಣು ಇರುವುದಿಲ್ಲ.

ಸಾವು ಬರುವುದು ಉಸಿರಿನ ದಾರಿಯಲ್ಲಿ. ಸುಮ್ಮನೆ ಕೂತ ಮನುಷ್ಯನಿಗೂ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬೇಕು. ಅದು ಶ್ವಾಸಕೋಶದ ಗಾಳಿಚೀಲಗಳ ತೆಳು ಗೋಡೆ ದಾಟಿ ರಕ್ತ ಸೇರಬೇಕು. ಆ ಚೀಲಗಳಲ್ಲೇ ನೀರು ತುಂಬಿದರೆ ಮನುಷ್ಯ ಒಣ ನೆಲದ ಮೇಲೆ ಮುಳುಗುತ್ತಾನೆ. ಅಟ್ರೋಪಿನ್ ಆ ನೀರನ್ನು ಒಣಗಿಸುತ್ತದೆ. ಎದೆ ಒಣಗುವ ತನಕ ಕೊಡುತ್ತಲೇ ಇರಬೇಕು, ಅದಕ್ಕೇ ಸೂಜಿ ಮೇಲೆ ಸೂಜಿ. ಯಾಕಿಷ್ಟು ಸೂಜಿ ಎಂದು ಅಲ್ಲಿಯ ಡಾಕ್ಟರ ಮೇಲೆ ಹರಿಹಾಯಬೇಡಿ.

ಬೆವತ ಮೈ, ಒದ್ದೆ ಅಂಗಿ ಇದ್ದರೆ ಎಣ್ಣೆ ಚರ್ಮದೊಳಗೆ ಇನ್ನೂ ಬೇಗ ಇಳಿಯುತ್ತದೆ. ಗಾಳಿಗೆ ಎದುರಾಗಿ ಹೊಡೆಯಬೇಡಿ, ನಡು ಮಧ್ಯಾಹ್ನ ಹೊಡೆಯಬೇಡಿ. ಎಣ್ಣೆ ಮೈಗೆ ಸಿಡಿದರೆ ಹೊಲದಲ್ಲೇ ತೊಳೆಯಿರಿ, ಮನೆಗೆ ಬಂದ ಮೇಲೆ ಎನ್ನಬೇಡಿ.

ಹತ್ತನೇತ್ತೆ ಹುಡುಗಿ: ಮೇಡಂ, ಅದೇ ಎಣ್ಣಿ ನೆಲ್ಲಿಗೆ ಯಾಕ ಏನೂ ಮಾಡಂಗಿಲ್ಲ? ಹುಳ ಸಾಯ್ತದ, ಮನುಷ್ಯಾಗೂ ಹಿಂಗ ಆಗ್ತದ.

ಡಾಕ್ಟರ್: ಬಹಳ ಒಳ್ಳೆಯ ಪ್ರಶ್ನೆ ತಂಗಿ. ಗಿಡಕ್ಕೆ ನರ ಇಲ್ಲ, ಸ್ನಾಯು ಇಲ್ಲ, ಉಸಿರಾಡಲು ಎದೆ ಏರಿಸಿ ಇಳಿಸಬೇಕಾಗಿಲ್ಲ. ಪತ್ರರಂಧ್ರದಿಂದ ಗಾಳಿ ತಾನೇ ಒಳಹೊರಗೆ ಆಡುತ್ತದೆ. ಹುಳಕ್ಕೆ ನರ ಇದೆ, ಅದರ ನರದಲ್ಲೂ ಸುದ್ದಿ ಒಯ್ಯುವುದು ಇದೇ ಅಸಿಟೈಲ್‌ಕೋಲಿನ್. ಈ ವಿಷಯದಲ್ಲಿ ಕಾಂಡ ಕೊರಕ ನಮಗೆ ಹತ್ತಿರದ ಸಂಬಂಧಿ, ನೆಲ್ಲು ದೂರದ್ದು.

ಕಳೆನಾಶಕದ ಕಥೆಯೇ ಬೇರೆ, ಅದನ್ನೂ ತಿಳಿದುಕೊಳ್ಳಿ. ಗ್ಲೈಫೋಸೇಟ್ ಎಂಬ ಕಳೆನಾಶಕ, ಗಿಡ ಕೆಲವು ಅಮೈನೋ ಆಮ್ಲ ತಯಾರಿಸುವ ದಾರಿಯನ್ನು ಮುಚ್ಚುತ್ತದೆ. ಆ ದಾರಿ ನಮ್ಮಲ್ಲಿ ಇಲ್ಲವೇ ಇಲ್ಲ, ನಾವು ಅವನ್ನು ಊಟದಿಂದ ಪಡೆಯುತ್ತೇವೆ. ಹಾಗೆಂದು ಅದನ್ನು ಕುಡಿದವರಿಗೆ ಏನೂ ಆಗುವುದಿಲ್ಲ ಎಂದಲ್ಲ. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕ ಎಲೆಯ ಹರಿತ್ತಿನ ಕಣದಲ್ಲಿ, ಬೆಳಕಿನಿಂದ ಹೊರಟ ಎಲೆಕ್ಟ್ರಾನುಗಳನ್ನು ಕದ್ದು ಆಮ್ಲಜನಕಕ್ಕೆ ಕೊಡುತ್ತದೆ. ಹಾಗೆ ಕೆರಳಿದ ಆಮ್ಲಜನಕ ಎಲೆಯನ್ನು ಸುಡುತ್ತದೆ. ಹೊಟ್ಟೆಗೆ ಹೋದರೆ ಅದು ಶ್ವಾಸಕೋಶದಲ್ಲಿ ಬಂದು ಕೂಡಿಕೊಂಡು ಅಲ್ಲಿಯೂ ಇದೇ ಕೆಲಸ ಮಾಡುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ಬೇರೆಯವರಿಗೆ ಮೊದಲು ಹಚ್ಚುವ ಆಮ್ಲಜನಕವನ್ನು ಕೂಡ ಇವರಿಗೆ ಯೋಚಿಸಿ ಯೋಚಿಸಿ ಕೊಡಬೇಕಾಗುತ್ತದೆ, ಹೆಚ್ಚು ಕೊಟ್ಟರೆ ಸುಡುವುದಕ್ಕೆ ಸೌದೆ ಹಾಕಿದಂತೆ. ಬಾಟಲಿ ತನ್ನಿ, ಬಾಟಲಿ ತನ್ನಿ ಎಂದು ನಾನು ಬಡಿದುಕೊಳ್ಳುವುದು ಇದಕ್ಕೆ. ‘ಎಣ್ಣಿ ಕುಡದಾನ’ ಎಂದಷ್ಟೇ ಹೇಳಿದರೆ ಯಾವುದೆಂದು ನಮಗೆ ಹೇಗೆ ತಿಳಿಯಬೇಕು?

ಟ್ರ್ಯಾಕ್ಟರ್ ಡ್ರೈವರ್: ಮೇಡಂ ಬಾಳಿದಿಂಡು ಮ್ಯಾಲ ಹುಡುಕಿದ್ನಿ, ಸಿಗವಲ್ದು.

ಡಾಕ್ಟರ್: ನೀರು ಕುಡಿಯಿರಿ. ಸ್ಕ್ಯಾನ್ ಮಾಡಿಸಿ.

ಕಿರಾಣಿ ಅಂಗಡಿ: ಇಷ್ಟು ಸಿಟ್ಟು ಯಾಕ್ರಿ ಮೇಡಂ, ಕೇಳೋರು ಕೇಳ್ತಾರ.

ಸೈನ್ಸ್ ಮಾಸ್ತರ್: ಒಂದೇ ಪ್ರಶ್ನೆ ವಾರಕ್ಕ ನಾಲ್ಕು ಸಲ ಕೇಳಿದ್ರ ಸಿಟ್ಟು ಬರದೇ ಏನು ಬರ್ತದ?

ಕಿರಾಣಿ ಅಂಗಡಿ: ನಿಮಗ ಕೇಳಿಲ್ಲ ಮಾಸ್ತರ.

(ಸೋಮವಾರ)

ಕ್ಯಾಂಪಿನ ಅಕ್ಕ (ಸಂಜೆ 6:10): ಮೇಡಂ, ಆರಾಮ ಆಗ್ಯಾನ. ಜೊಲ್ಲು ನಿಂತೈತಿ, ಮಾತಾಡ್ತಾನ. ಮನಿ ಮಂದಿ ಬರೆದುಕೊಟ್ಟು ಮನಿಗೆ ಕರಕೊಂಡು ಹೋಗೋಣ ಅನ್ನಾಕತ್ತಾರ. ಖರ್ಚೂ ಐತಿ. ಒಂದ ಅಂದ್ರ, ಚಾ ಕುಡಿಯೋವಾಗ ದಿಂಬಿನಿಂದ ತಲಿ ಎತ್ತಾಕ ಬರವಲ್ದು ಅಂತಾನ.

ಡಾಕ್ಟರ್: ಕರೆದುಕೊಂಡು ಹೋಗಬೇಡಿ. ತಲೆ ಎತ್ತಲು ಬರುವುದಿಲ್ಲ ಎಂಬ ಮಾತನ್ನು ಈಗಲೇ ಎದ್ದು ಹೋಗಿ ಡ್ಯೂಟಿ ಡಾಕ್ಟರಿಗೆ ಹೇಳಿ.

ಈ ವಿಷದಲ್ಲಿ ಎರಡನೇ ಹೊಡೆತ ಒಂದಿದೆ. ಮೊದಲ ದಿನದ ಜೊಲ್ಲು, ಬೆವರು ಎಲ್ಲ ಇಳಿದು ಆರಾಮಾಯಿತು ಅನ್ನುವ ಹೊತ್ತಿಗೆ, ಸಾಮಾನ್ಯವಾಗಿ 24ರಿಂದ 96 ತಾಸಿನೊಳಗೆ, ಕತ್ತಿನ ಸ್ನಾಯು, ತೋಳು ತೊಡೆಯ ಮೇಲ್ಭಾಗ, ಆಮೇಲೆ ಉಸಿರಾಡುವ ಸ್ನಾಯುಗಳು ಸೋಲುತ್ತವೆ. ಮೊದಲ ಗುರುತು ಇದೇ, ದಿಂಬಿನಿಂದ ತಲೆ ಏಳದಿರುವುದು. ಇದಕ್ಕೆ ಅಟ್ರೋಪಿನ್ ನಾಟುವುದಿಲ್ಲ. ಸ್ನಾಯು ತಾನೇ ಚೇತರಿಸುವ ತನಕ ಯಂತ್ರದಿಂದ ಉಸಿರು ಕೊಡಬೇಕಾಗಬಹುದು. ಕೊಟ್ಟರೆ ಸಾಮಾನ್ಯವಾಗಿ ಮನುಷ್ಯ ಉಳಿಯುತ್ತಾನೆ. ಮನೆಯಲ್ಲಿ ಇದು ಶುರುವಾದರೆ, ರಾತ್ರಿ ಮಲಗಿದವನು ಬೆಳಿಗ್ಗೆ ಏಳುವುದಿಲ್ಲ, ನಿದ್ದೆಯಲ್ಲಿ ಹೋದ ಅನ್ನುತ್ತಾರೆ. ವೆಂಟಿಲೇಟರ್ ಇರುವ ಕಡೆಗೆ ಕಳಿಸುವುದಾದರೆ ಅವರು ಕಳಿಸಲಿ, ಆಂಬುಲೆನ್ಸಿನಲ್ಲೇ ಹೋಗಲಿ. ನೀವಾಗಿ ಆಟೋ ಮಾಡಬೇಡಿ.

ನಿವೃತ್ತ ಕಂಡಕ್ಟರ್: ತಂಗಿ ಮೇಡಂ ಹೇಳಿದಂಗ ಮಾಡವಾ. ರೊಕ್ಕ ಬೇಕಾದ್ರ ನಮಗ ಫೋನ್ ಮಾಡು.

ಪಂಪಿನ ಕೂಲಿಯವ: ರಾತ್ರಿ ನಾ ಬಂದು ಕೂಡ್ತೀನಿ ದವಾಖಾನ್ಯಾಗ.

ಕ್ಯಾಂಪಿನ ಅಕ್ಕ (8:50): ಹೇಳಿದ್ವಿ. ಐಸಿಯು ಇರೋ ಕಡಿಗೆ ಕಳಸ್ಯಾರ, ಆಂಬುಲೆನ್ಸಿನ್ಯಾಗ ಅದೀವಿ. ಉಸಿರು ಆಡಾಕತ್ತಾನ. ಮೇಡಂ, ಆ ಅಂಗಿ ಲುಂಗಿ ನಿನ್ನೆ ಹುಡುಗರ ಅರಿವಿ ಜೊತಿ ನೆನಿ ಹಾಕಿ ಬಂದೀನಿ. ಅತ್ತಿ ಒಗಿತೀನಿ ಅಂತಾರ.

ಡಾಕ್ಟರ್: ಒಗೆಯಬೇಡಿ ಎಂದು ಈಗಲೇ ಫೋನ್ ಮಾಡಿ. ಆ ನೀರಿಗೆ ಅವರು ಕೈ ಹಾಕಬಾರದು, ಮಕ್ಕಳು ಹತ್ತಿರ ಹೋಗಬಾರದು. ಗ್ಲೌಸ್ ಹಾಕಿಕೊಂಡವರು ಆ ಅಂಗಿ ಲುಂಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದೂರ ಇಡಲಿ, ಸುಡುವುದು ಬೇಡ. ಮಕ್ಕಳ ಅರಿವೆ ಬೇರೆ ಮಾಡಿ ಸಾಬೂನು ಹಚ್ಚಿ ಎರಡು ಮೂರು ಸಲ ಒಗೆದು ಬಿಸಿಲಿಗೆ ಹಾಕಿ. ಆ ನೀರನ್ನು ಬಾವಿ, ಕಾಲುವೆ, ದನ ಕುಡಿಯುವ ತೊಟ್ಟಿ ಯಾವುದಕ್ಕೂ ಚೆಲ್ಲಬೇಡಿ. ಅತ್ತೆ ಇವತ್ತು ಆ ನೀರು ಮುಟ್ಟಿದ್ದಾರಾ? ತಲೆನೋವು, ಕಣ್ಣೀರು ಏನಾದರೂ?

ಕ್ಯಾಂಪಿನ ಅಕ್ಕ: ಕೇಳಿ ಹೇಳ್ತೀನಿ.

ಅಂಗನವಾಡಿ ಅಕ್ಕ: ಮೇಡಂ, ಆ ಕೂಸಿಂದು...

ಕ್ಯಾಂಪಿನ ಅಕ್ಕ: ಮುಟ್ಟಿಲ್ಲ ಅಂತ್ರಿ.