ದುಬೈ ಮೇಲೆ ಅಮೆರಿಕಕ್ಕೆ ಹೋಗುವವರು ಪವರ್ ಬ್ಯಾಂಕ್ ಎಲ್ಲಿಡಬೇಕು?

ಹಾಸನದ_ಸೊಸೆ:
ಅತ್ತೆ ಮಾವ ಮುಂದಿನ ತಿಂಗಳು ಬೆಂಗಳೂರಿನಿಂದ ದುಬೈ ಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿದ್ದಾರೆ, ಎಮಿರೇಟ್ಸ್ ಟಿಕೆಟ್. ಮಾವನ ಫೋನ್ ಹಳೇದು, ಅರ್ಧ ದಿನವೂ ಬರಲ್ಲ. ಟಿಕೆಟ್ಟು, ಮೈದುನನ ಅಡ್ರೆಸ್ಸು ಎಲ್ಲಾ ಅದರಲ್ಲೇ ಇದೆ. 20,000 ಎಂಎಎಚ್ ಪವರ್ ಬ್ಯಾಂಕ್ ಒಂದು, 10,000ದ್ದು ಇನ್ನೊಂದು ಇದೆ. ದೊಡ್ಡದನ್ನು ಸೂಟ್‌ಕೇಸಿಗೆ ಹಾಕಿ ಚೆಕ್-ಇನ್ ಮಾಡಿದರೆ ನಡೆಯುತ್ತಾ?

ವೋಲ್ಟೇಜ್_ಮಾಮ:
ಚೆಕ್-ಇನ್ ಬ್ಯಾಗಿಗೆ ಬೇಡವೇ ಬೇಡ, ಅದು ಯಾವ ಏರ್‌ಲೈನಲ್ಲೂ ನಡೆಯಲ್ಲ. ಎಮಿರೇಟ್ಸ್‌ನವರು 2025ರ ಅಕ್ಟೋಬರ್ 1ರಿಂದ ಇನ್ನೂ ಬಿಗಿ ಮಾಡಿದ್ದಾರೆ. ಒಬ್ಬರಿಗೆ ಒಂದೇ, ಅದೂ 100 ವ್ಯಾಟ್ ಅವರ್ ಒಳಗಿರಬೇಕು. ಲೆಕ್ಕ ಸುಲಭ: 20,000ವನ್ನು 3.7ರಿಂದ (ಒಳಗಿನ ಬ್ಯಾಟರಿಯ ವೋಲ್ಟೇಜ್) ಗುಣಿಸಿ 1000ದಿಂದ ಭಾಗಿಸಿದರೆ 74 ವ್ಯಾಟ್ ಅವರ್. ನಿಮ್ಮ ಎರಡೂ ಪಾಸ್, ಅತ್ತೆ ಒಂದು ಮಾವ ಒಂದು ಇಟ್ಟುಕೊಳ್ಳಲಿ. ಆದರೆ ವಿಮಾನದೊಳಗೆ ಅದರಿಂದ ಫೋನ್ ಚಾರ್ಜ್ ಮಾಡುವ ಹಾಗಿಲ್ಲ, ಅದನ್ನೇ ಚಾರ್ಜಿಗೆ ಹಾಕುವ ಹಾಗೂ ಇಲ್ಲ. ತಲೆ ಮೇಲಿನ ಡಬ್ಬಿಯಲ್ಲೂ ಇಡಬಾರದು, ಸೀಟಿನ ಜೇಬಲ್ಲಿ ಅಥವಾ ಮುಂದಿನ ಸೀಟಿನ ಕೆಳಗಿನ ಬ್ಯಾಗಲ್ಲಿ ಇರಬೇಕು.

ಹಾಸನದ_ಸೊಸೆ:
ಅಯ್ಯೋ, ಬಳಸೋಕಾಗಲ್ಲ ಅಂದ್ರೆ ಹೊತ್ತುಕೊಂಡು ಹೋಗಿ ಏನು ಪ್ರಯೋಜನ?

ಕಿಟಕಿ_ಸೀಟು:
ದುಬೈಯಲ್ಲಿ ಕಾಯುವಾಗ ಬೇಕಾಗುತ್ತೆ ಮೇಡಂ. ವಿಮಾನದಲ್ಲಿ ಸೀಟಲ್ಲೇ ಚಾರ್ಜಿಂಗ್ ಇದೆ, ದುಬೈನಿಂದ ಆಚೆಗೇ ಸುಮಾರು 16 ಗಂಟೆ ಹಾರಾಟ, ನಿಧಾನಕ್ಕೆ ಆದರೂ ತುಂಬುತ್ತೆ. ಎಲ್ಲರೂ ಎಡವುವುದು ಕೇಬಲ್ ವಿಷಯದಲ್ಲಿ. ಈಗಿನ ಫೋನ್‌ಗಳ ಜೊತೆ ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಬರುತ್ತೆ, ಎಷ್ಟೋ ಸೀಟುಗಳಲ್ಲಿ ಇರುವುದು ಹಳೇ ಅಗಲದ ಯುಎಸ್‌ಬಿ. ಹಳೇ ಕೇಬಲ್ ಒಂದು ಕೈಚೀಲದಲ್ಲಿರಲಿ, ಸೂಟ್‌ಕೇಸಲ್ಲಲ್ಲ! ದುಬೈ ಗೋಡೆ ಸಾಕೆಟ್ ಇಂಗ್ಲೆಂಡಿನ ಥರ ಮೂರು ಚಪ್ಪಟೆ ಪಿನ್ನಿಂದು, ಅಮೆರಿಕದ್ದು ಎರಡು ಚಪ್ಪಟೆ. ಎರಡಕ್ಕೂ ಆಗುವ ಅಡಾಪ್ಟರ್ ತಗೊಳ್ಳಿ. ಚಾರ್ಜರ್ ಮೇಲೆ 100-240 ವೋಲ್ಟ್ ಅಂತ ಇದ್ದರೆ ಅಲ್ಲಿಯ 120 ವೋಲ್ಟಿಗೆ ತೊಂದರೆ ಇಲ್ಲ.

ಸುಮ್ನೆ_ಓದುಗ:
ಇಷ್ಟೆಲ್ಲಾ ರೂಲ್ಸ್ ಯಾಕೆ ಅಂತ ಬೈಯುವವರು 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನ ಗಿಮ್ಹೆ ಏರ್‌ಪೋರ್ಟಲ್ಲಿ ಏರ್ ಬುಸಾನ್ ವಿಮಾನ ಹೊತ್ತಿ ಉರಿದಿದ್ದನ್ನು ನೋಡಲಿ. ಇನ್ನೂ ನೆಲದ ಮೇಲೇ ಇತ್ತು, ಎಲ್ಲರೂ ಬಚಾವ್. ಪವರ್ ಬ್ಯಾಂಕಿನಿಂದಲೇ ಶುರುವಾಗಿರಬಹುದು ಎಂದು ತನಿಖೆಯವರು ಹೇಳಿದರು. ಕೈಗೆಟುಕುವಲ್ಲಿದ್ದರೆ ಹೊಗೆ ಬಂದ ತಕ್ಷಣ ಗೊತ್ತಾಗುತ್ತೆ ಅಲ್ವಾ. ಇನ್ನೊಂದು, ಫೋನ್ ಸೀಟಿನ ಸಂದಿಯಲ್ಲಿ ಬಿದ್ದರೆ ಸೀಟನ್ನು ಅಲುಗಾಡಿಸದೆ ಸಿಬ್ಬಂದಿಯನ್ನು ಕರೆಯಬೇಕು ಅಂತ ಮಾವನಿಗೆ ಹೇಳಿ, ಜಜ್ಜಿದರೆ ಬ್ಯಾಟರಿ ಹೊತ್ತಿಕೊಳ್ಳಬಹುದು. ಅಡ್ರೆಸ್ಸು, ಟಿಕೆಟ್ಟು ಕಾಗದದಲ್ಲೂ ಪ್ರಿಂಟ್ ಹಾಕಿಸಿ ಕೊಡಿ.

ಹಾಸನದ_ಸೊಸೆ:
ಪ್ರಿಂಟ್ ನಾಳೆಯೇ ಹಾಕಿಸುತ್ತೇನೆ. ಆದರೆ ಚಿಕ್ಕ ಪವರ್ ಬ್ಯಾಂಕಿನ ಮೇಲಿನ ಅಕ್ಷರವೆಲ್ಲಾ ಅಳಿಸಿಹೋಗಿದೆ, ಪರವಾಗಿಲ್ವಾ?

ವೋಲ್ಟೇಜ್_ಮಾಮ:
ಇಲ್ಲ, ಎಷ್ಟು ಕೆಪಾಸಿಟಿ ಅಂತ ಅದರ ಮೇಲೆ ಕಾಣಲೇಬೇಕು. ಅದನ್ನು ಮನೆಯಲ್ಲೇ ಬಿಡಿ, ಇಬ್ಬರಿಗೆ ದೊಡ್ಡದೊಂದೇ ಸಾಕು.