ಪಲುಡೇರಿಯಂನಲ್ಲಿ ಮಾಸ್ ಕಂದಾಗುತ್ತಿದೆ, ಸಿಗಡಿ ಸಾಯುತ್ತಿವೆ. ಎಲ್ಲಿ ತಪ್ಪಾಗಿದೆ?

ಪ್ರಶ್ನೆ (ವರ್ತೂರಿನಿಂದ)

ಎಲ್ಲರಿಗೂ ನಮಸ್ಕಾರ. ಎರಡು ಅಡಿ ಉದ್ದದ ಟ್ಯಾಂಕಿನಲ್ಲಿ ಪಲುಡೇರಿಯಂ ಮಾಡಿ ಮೂರು ತಿಂಗಳಾಯಿತು. ಅರ್ಧ ನೆಲ, ಅರ್ಧ ನೀರು. ನೀರು ಸುಮಾರು 15 ಲೀಟರ್ ಹಿಡಿಯುತ್ತದೆ. ಸಣ್ಣ ಪಂಪ್ ನೀರನ್ನು ಎತ್ತಿ ಕಲ್ಲಿನ ಮೇಲೆ ಹರಿಸುತ್ತದೆ. ಕಲ್ಲಿಗೂ ಮರದ ತುಂಡಿಗೂ ಜಾವಾ ಮಾಸ್ (ಹಾವಸೆಯಂಥ ಪುಟ್ಟ ಹಸಿರು ಗಿಡ) ಕಟ್ಟಿದ್ದೇನೆ.

ನೀರೊಳಗಿನ ಮಾಸ್ ಪರವಾಗಿಲ್ಲ. ಮೇಲಿನದು ತುದಿಯಿಂದ ಕಂದಾಗುತ್ತಿದೆ, ಕಲ್ಲಿನ ಮೇಲೆ ಬಿಳಿ ಪುಡಿ ಕೂರುತ್ತಿದೆ. ದಿನಾ ಎರಡು ಸಲ ಸ್ಪ್ರೇ ಮಾಡುತ್ತೇನೆ. ಹತ್ತು ಚೆರ್ರಿ ಸಿಗಡಿ ಬಿಟ್ಟಿದ್ದೆ, ನಾಲ್ಕೇ ಉಳಿದಿವೆ. ಅಮೋನಿಯಾ ಟೆಸ್ಟ್ ಸೊನ್ನೆ ತೋರಿಸುತ್ತದೆ. ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪು, ಖನಿಜಗಳ ಒಟ್ಟು ಅಳತೆ) 720. ನಲ್ಲಿ ನೀರನ್ನೇ ಹಾಕುತ್ತೇನೆ. ಒಂದೊಂದೇ ಸಾಯುವುದನ್ನು ನೋಡಲಾಗುತ್ತಿಲ್ಲ, ದಯವಿಟ್ಟು ದಾರಿ ಹೇಳಿ.

ಉತ್ತರ (ಮಲ್ಲೇಶ್ವರದಿಂದ)

ಆ ರೂಮಿನಲ್ಲಿ ಸೊಳ್ಳೆ ಮಷಿನ್ ಅಥವಾ ಸ್ಪ್ರೇ ಬಳಸುತ್ತೀರಾ? ಅದರಲ್ಲಿರುವ ಔಷಧಿ ಸಿಗಡಿಗೆ ಬಹಳ ವಿಷ. ಮೊದಲು ಅದನ್ನು ನಿಲ್ಲಿಸಿ.

ವರ್ತೂರು

ಇಲ್ಲ ಸರ್, ಕಿಟಕಿಗೆ ಜಾಲರಿ ಇದೆ. ಮಷಿನ್ ಹಾಕುವುದೇ ಇಲ್ಲ.

ಉತ್ತರ (ಬಸವನಗುಡಿಯಿಂದ)

ಮೇಡಂ, ಮೂರು ವಿಷಯ ಹೇಳಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್ನರ್ ಇದೆಯಾ? ಕೈ ತೊಳೆಯುವಾಗ ಸೋಪು ಜಾಸ್ತಿ ನೊರೆ ಬರುತ್ತದಾ? ಸತ್ತ ಸಿಗಡಿಯ ಕತ್ತಿನ ಹತ್ತಿರ ಬಿಳಿ ಉಂಗುರದ ಹಾಗೆ ಏನಾದರೂ ಕಂಡಿತ್ತಾ?

ವರ್ತೂರು

ಮೂರಕ್ಕೂ ಹೌದು! ಬೋರ್‌ವೆಲ್ ನೀರು, ಸಾಫ್ಟ್ನರ್‌ಗೆ ಉಪ್ಪಿನ ಮೂಟೆ ಸುರಿಯುವುದನ್ನು ನೋಡಿದ್ದೇನೆ. ಸೋಪು ಎಷ್ಟು ತೊಳೆದರೂ ಜಾರುತ್ತಲೇ ಇರುತ್ತದೆ.

ಬಸವನಗುಡಿ

ಹಾಗಾದರೆ ನೀರಿನದೇ ತೊಂದರೆ ಅನ್ನಿಸುತ್ತದೆ. ನಿಮ್ಮ ಕೈಗುಣವನ್ನು ದೂರಬೇಡಿ.

ಸಾಫ್ಟ್ನರ್ ನೀರಿನ ಉಪ್ಪನ್ನು ತೆಗೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ, ಅಷ್ಟೇ. ಅದಕ್ಕೇ ಟಿಡಿಎಸ್ ಇಳಿದಿಲ್ಲ. ಗೀಸರ್‌ಗೆ, ವಾಷಿಂಗ್ ಮಷಿನ್‌ಗೆ ಒಳ್ಳೆಯದು. ಸಿಗಡಿಗೆ ಅಲ್ಲ. ಸಿಗಡಿ ಬೆಳೆಯುವಾಗ ಹಳೇ ಪೊರೆ ಕಳಚಿ ಹೊಸದನ್ನು ಗಟ್ಟಿ ಮಾಡಿಕೊಳ್ಳಬೇಕು, ಅದಕ್ಕೆ ಕ್ಯಾಲ್ಸಿಯಂ ಬೇಕು. ನೀವು ಕಂಡ ಬಿಳಿ ಉಂಗುರ, ಪೊರೆ ಅರ್ಧ ಬಿರಿದು ಸಿಕ್ಕಿಕೊಂಡ ಗುರುತು.

ಮಾಸ್‌ಗೂ ಅದೇ ಏಟು. ಮಾಸ್‌ಗೆ ನಿಜವಾದ ಬೇರಿಲ್ಲ, ಎಲೆಯಿಂದಲೇ ನೀರು ಹೀರುತ್ತದೆ. ನೀವು ಸ್ಪ್ರೇ ಮಾಡಿದ ನೀರು ಆರುತ್ತದೆ, ಉಪ್ಪು ಎಲೆ ಮೇಲೇ ಉಳಿಯುತ್ತದೆ. ದಿನಕ್ಕೆ ಎರಡು ಸಲ, ಮೂರು ತಿಂಗಳು. ತುದಿ ಸುಡದೆ ಇರುತ್ತದಾ? ಒಂದು ಸಲ ಒದ್ದೆ ಬಟ್ಟೆಯಲ್ಲಿ ಆ ಬಿಳಿ ಪುಡಿ ಒರೆಸಿ ನೋಡಿ. ಸುಲಭವಾಗಿ ಕರಗಿ ಹೋದರೆ ಸೋಡಿಯಂ ಉಪ್ಪು. ಸುಣ್ಣದ ಕಲೆಯಾದರೆ ಉಜ್ಜಿದರೂ ಬಿಡುವುದಿಲ್ಲ.

ಈಗ ಮಾಡಬೇಕಾದದ್ದು. ಸ್ಪ್ರೇಗೆ ಆರ್‌ಒ ನೀರು ಮಾತ್ರ. ಮಳೆ ನೀರು ಸಿಕ್ಕರೆ ಇನ್ನೂ ಸಂತೋಷ, ಆದರೆ ಟೆರೇಸಿನ ಮೊದಲ ಮಳೆ ಬಿಟ್ಟು ಹಿಡಿಯಿರಿ. ಟ್ಯಾಂಕಿಗೆ ಬರೀ ಆರ್‌ಒ ಹಾಕಬೇಡಿ, ಅದರಲ್ಲೂ ಕ್ಯಾಲ್ಸಿಯಂ ಇರುವುದಿಲ್ಲ. ಅಪಾರ್ಟ್‌ಮೆಂಟಿನ ಗಾರ್ಡನ್ ನಲ್ಲಿಗೆ ಸಾಫ್ಟ್ನರ್ ದಾಟದ ಬೋರ್ ನೀರು ಬರುತ್ತದಾ ಅಂತ ಪ್ಲಂಬರ್ ಹತ್ತಿರ ಕೇಳಿ. ಅದರ ಟಿಡಿಎಸ್ 800, ಆರ್‌ಒ 40 ಇದೆ ಅಂದುಕೊಳ್ಳಿ. ಒಂದು ಲೀಟರ್ ಬೋರ್ ನೀರಿಗೆ ಮೂರು ಲೀಟರ್ ಆರ್‌ಒ ಸೇರಿಸಿದರೆ 230ಕ್ಕೆ ಬರುತ್ತದೆ. ಚೆರ್ರಿ ಸಿಗಡಿಗೆ ಸರಿಹೋಗುತ್ತದೆ. ಜಿಎಚ್ (ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಳತೆ) ಟೆಸ್ಟ್ ಮಾಡಿ 6ರಿಂದ 8ರ ಒಳಗೆ ಇಟ್ಟುಕೊಳ್ಳಿ.

ಆತುರ ಮಾತ್ರ ಬೇಡ. ನೀರು ಒಂದೇ ಸಲ ಬದಲಾದರೆ ಉಳಿದ ನಾಲ್ಕೂ ಹೋಗುತ್ತವೆ. ಎರಡು ದಿನಕ್ಕೊಮ್ಮೆ ಒಂದೂವರೆ ಲೀಟರ್ ತೆಗೆದು, ಏರ್ ಟ್ಯೂಬಿಗೆ ಗಂಟು ಹಾಕಿ, ಹೊಸ ನೀರನ್ನು ಹನಿ ಹನಿಯಾಗಿ ಬಿಡಿ. ಆವಿಯಾಗಿ ಕಡಿಮೆಯಾದ ನೀರನ್ನು ಆರ್‌ಒದಿಂದಲೇ ತುಂಬಿಸಿ, ಯಾಕೆಂದರೆ ಉಪ್ಪು ಆವಿಯಾಗುವುದಿಲ್ಲ. ಗಾಜಿನ ಮೇಲೆ ಟೇಪ್ ಅಂಟಿಸಿ ನೀರಿನ ಮಟ್ಟ ಗುರುತು ಮಾಡಿದರೆ ಲೆಕ್ಕ ತಪ್ಪುವುದಿಲ್ಲ.

ಕಂದಾದ ಮಾಸ್ ಕಿತ್ತು ಹಾಕಬೇಡಿ. ತುದಿ ಕತ್ತರಿಸಿ, ಆರ್‌ಒ ನೀರಲ್ಲಿ ಚೆನ್ನಾಗಿ ಜಾಲಿಸಿ ಮತ್ತೆ ಕಟ್ಟಿ. ಬುಡದಿಂದ ಚಿಗುರುತ್ತದೆ.

ವರ್ತೂರು (ನಾಲ್ಕು ವಾರದ ನಂತರ)

ಗಾರ್ಡನ್ ನಲ್ಲಿಯದು ನೇರ ಬೋರ್ ನೀರೇ. ಈಗ ಟ್ಯಾಂಕ್ ಟಿಡಿಎಸ್ 260, ಜಿಎಚ್ 7. ಬಿಳಿ ಪುಡಿ ಒರೆಸಿದ ತಕ್ಷಣ ಹೋಯಿತು, ಮತ್ತೆ ಬಂದಿಲ್ಲ. ಮಾಸ್‌ನಲ್ಲಿ ಸೂಜಿಮೊನೆಯಷ್ಟು ಹಸಿರು ಚಿಗುರು! ನಾಲ್ಕು ಸಿಗಡಿಯೂ ಉಳಿದಿವೆ, ನಿನ್ನೆ ಒಂದು ಇಡೀ ಪೊರೆ ಬಿಟ್ಟಿದೆ. ನಿಮ್ಮಿಂದ ತುಂಬಾ ಉಪಕಾರವಾಯಿತು ಸರ್. ಮಗ ಕೆರೆ ಹತ್ತಿರದಿಂದ ಒಂದು ಪುಟ್ಟ ಕಪ್ಪೆ ತಂದು ಬಿಡೋಣ ಅನ್ನುತ್ತಿದ್ದಾನೆ. ಬಿಡಬಹುದಾ?

ಬಸವನಗುಡಿ

ಬೇಡ ಮೇಡಂ. ಕೆರೆ ಕಪ್ಪೆಗೆ ಈ ಜಾಗ ಸಾಲದು, ಸಿಗಡಿಯನ್ನೂ ತಿನ್ನುತ್ತದೆ, ಜೊತೆಗೆ ರೋಗವನ್ನೂ ತರಬಹುದು. ಅದು ಕೆರೆಯಲ್ಲೇ ಇರಲಿ. ಮಗನಿಗೆ ಆ ಪೊರೆ ತೋರಿಸಿ. ಅದನ್ನು ತೆಗೆಯಬೇಡಿ, ಸಿಗಡಿಗಳೇ ತಿನ್ನುತ್ತವೆ.