ಹೊಸ ಸ್ಟೀರಿಯೊ ಹಾಕಿಸಿದೆ, ಕೀ ತೆಗೆದರೆ ಎಲ್ಲ ಮರೆತುಬಿಡುತ್ತದೆ

ತೊಗರಿನಾಡು

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ನನ್ನದು 2013ರ ಸಣ್ಣ ಕಾರು, ಕಂಪನಿಯಿಂದಲೇ ಬಂದ ಸಿಡಿ-ಯುಎಸ್‌ಬಿ ಸ್ಟೀರಿಯೊ ಇತ್ತು. ಅದು ಕೆಟ್ಟಿರಲಿಲ್ಲ. ಆದರೆ ಬ್ಲೂಟೂತ್ ಇಲ್ಲ, ಫೋನ್ ಬಂದರೆ ಗಾಡಿ ಬಾಜು ಹಾಕಬೇಕು, ನಮ್ಮ ಹುಡುಗರಿಗೆ ಸಿಡಿ ಅಂದರೆ ಏನಂತಲೇ ಗೊತ್ತಿಲ್ಲ. ಹೋದ ತಿಂಗಳು ಇಲ್ಲೇ ಒಂದು ಅಂಗಡಿಯಲ್ಲಿ 7 ಇಂಚಿನ ಡಬಲ್ ಡಿನ್ (ಮಾಮೂಲಿ ಸ್ಟೀರಿಯೊಗಿಂತ ಎರಡರಷ್ಟು ಎತ್ತರದ) ಟಚ್ ಸೆಟ್ ಹಾಕಿಸಿದೆ. ಫ್ರೇಮು, ಫಿಟಿಂಗು ಸೇರಿ 9,500 ಆಯಿತು.

ಹಾಡು ಚೆನ್ನಾಗೇ ಬರುತ್ತದೆ. ತಲೆನೋವು ಬೇರೆ. ಕೀ ತೆಗೆದು ಮತ್ತೆ ಹಾಕಿದರೆ ಗಡಿಯಾರ 12:00ಕ್ಕೆ ಹೋಗಿರುತ್ತದೆ, ಎಫ್‌ಎಂ ಸ್ಟೇಷನ್ ಎಲ್ಲ ಅಳಿಸಿಹೋಗಿರುತ್ತವೆ, ಬಾಸ್ ಟ್ರೆಬಲ್ ಮೊದಲಿನ ಹಾಗೆ. ಸೂಪರ್ ಮಾರ್ಕೆಟ್‌ನಲ್ಲಿ ಐದು ನಿಮಿಷ ಇಳಿದು ತರಕಾರಿ ತಂದರೂ ಅಷ್ಟೇ. ಎರಡನೇದು, ಎಫ್‌ಎಂ ಹಿಡಿಯುವುದೇ ಕಷ್ಟ. ಹಳೇ ಸೆಟ್‌ನಲ್ಲಿ ಬೀದರ್ ಕಡೆ ಹೋಗುವಾಗ ಆಕಾಶವಾಣಿ ಭಾಳ ದೂರದ ತನಕ ಕೇಳುತ್ತಿತ್ತು. ಈಗ ರಿಂಗ್ ರೋಡ್ ದಾಟಿದರೆ ಗರಗರ ಶುರು, ಕಮಲಾಪುರದ ಕೆಂಪು ಬಾಳೆಹಣ್ಣು ಕಣ್ಣಿಗೆ ಬೀಳುವ ಹೊತ್ತಿಗೆ ಏನೂ ಇಲ್ಲ. ಇನ್ನೊಂದು ಸಣ್ಣ ವಿಷಯ, ಡಬ್ಬಿ ಮೇಲೆ 50 ವ್ಯಾಟ್ ಗುಣಿಸು 4 ಅಂತ ಬರೆದಿದೆ, ಆದರೆ ಹಳೇದಕ್ಕಿಂತ ಜೋರೇನೂ ಅನ್ನಿಸುತ್ತಿಲ್ಲ.

ಅಂಗಡಿಯವನನ್ನು ಕೇಳಿದರೆ "ಈ ರೇಟಿನ ಸೆಟ್ ಎಲ್ಲಾ ಹಿಂಗೇ ಸರ್, ಇನ್ನೊಂದು ಐದು ಸಾವಿರ ಹಾಕಿ ಆಂಡ್ರಾಯ್ಡ್ ತಗೊಳ್ರಿ" ಅನ್ನುತ್ತಾನೆ. ಖರೇನಾ ಇದು? ಸೆಟ್ಟೇ ಬದಲಿಸಬೇಕಾ, ಇಲ್ಲ ವೈರಿಂಗ್ ತಪ್ಪಾ?

ವೈರ್‌ಮನ್_ಶಹಾಪುರ

ಸೆಟ್ ಬದಲಿಸಬೇಡಿ ಸರ್, ಐದು ಸಾವಿರ ಜೇಬಲ್ಲೇ ಇರಲಿ. ನೀವು ಹೇಳಿದ ಲಕ್ಷಣ ನೋಡಿದರೆ ಇದು ಹಳದಿ ವೈರಿನ ಕೆಲಸ.

ಸೆಟ್‌ನ ಹಿಂದೆ ಕರೆಂಟ್ ಬರುವುದು ಎರಡು ದಾರಿಯಲ್ಲಿ. ಹಳದಿ ವೈರಿಗೆ ಬ್ಯಾಟರಿಯಿಂದ ಯಾವಾಗಲೂ 12 ವೋಲ್ಟ್ ಬರುತ್ತಿರಬೇಕು, ಕೀ ತೆಗೆದು ಮನೆಗೆ ಹೋದಮೇಲೂ. ಗಡಿಯಾರ, ಸ್ಟೇಷನ್ ಎಲ್ಲ ನೆನಪಿಟ್ಟುಕೊಳ್ಳುವುದು ಅದರ ಮೇಲೆ, ಸೆಟ್ ಹಾಡುವುದೂ ಅದೇ ಕರೆಂಟಿನಲ್ಲಿ. ಕೆಂಪು ವೈರು ಸುಮ್ನೆ ಒಂದು ಸನ್ನೆ ಇದ್ದ ಹಾಗೆ, ಕೀ ತಿರುಗಿಸಿದಾಗ 'ಏಳು' ಅನ್ನುತ್ತದೆ, ಕೀ ತೆಗೆದಾಗ 'ಮಲಗು' ಅನ್ನುತ್ತದೆ. ಕಪ್ಪು ಬಾಡಿ ಅರ್ಥ್. ಹಳದಿ ಕೆಂಪು ಅದಲು ಬದಲಾದರೆ, ಇಲ್ಲವೇ ಎರಡೂ ಕೀ ವೈರಿಗೇ ಹೋಗಿದ್ದರೆ, ಕೀ ತೆಗೆದ ತಕ್ಷಣ ಸೆಟ್‌ಗೆ ಉಸಿರೇ ಇರುವುದಿಲ್ಲ, ಇನ್ನು ನೆನಪು ಎಲ್ಲಿಂದ ಬರಬೇಕು. ಕೆಲವು ಗಾಡಿಗಳಲ್ಲಿ ಕಂಪನಿ ಕಪ್ಲರ್‌ನಲ್ಲೇ (ವೈರುಗಳನ್ನು ಜೋಡಿಸುವ ಪ್ಲಗ್) ಈ ಎರಡು ಪಿನ್ನಿನ ಜಾಗ ಬೇರೆ ಇರುತ್ತದೆ. ಅದಕ್ಕೇ ಎಷ್ಟೋ ಸೆಟ್‌ಗಳ ಹಳದಿ-ಕೆಂಪು ವೈರಿನ ಮಧ್ಯೆ ಬಿಚ್ಚಿ ಅದಲು ಬದಲು ಮಾಡಲು ಬುಲೆಟ್ ಕನೆಕ್ಟರ್ ಕೊಟ್ಟಿರುತ್ತಾರೆ.

ಪರೀಕ್ಷೆ ಮಾಡಲು ಮುನ್ನೂರು ನಾನೂರು ರೂಪಾಯಿಯ ಮಲ್ಟಿಮೀಟರ್ ಸಾಕು. 20 ವೋಲ್ಟ್ ಡಿಸಿಗೆ ಇಟ್ಟು ಕಪ್ಪು ಮೊನೆಯನ್ನು ಗಾಡಿಯ ಬರಿ ಕಬ್ಬಿಣಕ್ಕೆ ಒತ್ತಿ. ಕೀ ತೆಗೆದಿರುವಾಗಲೇ 12ರ ಆಸುಪಾಸು ತೋರಿಸುವ ಗಾಡಿ ವೈರಿಗೆ ಸೆಟ್‌ನ ಹಳದಿ. ಕೀಯನ್ನು ಮೊದಲ ಹಂತಕ್ಕೆ ತಿರುಗಿಸಿದ ಮೇಲೆ ಮಾತ್ರ ತೋರಿಸುವುದಕ್ಕೆ ಕೆಂಪು. ಗಾಡಿ ಕಡೆಯ ವೈರಿನ ಬಣ್ಣ ನಂಬಬೇಡಿ, ಒಂದೊಂದು ಕಂಪನಿಯದು ಒಂದೊಂದು. ಪಾರ್ಕಿಂಗ್ ಲೈಟ್ ಹಾಕಿದಾಗ ಮಾತ್ರ 12 ಬರುವ ಇನ್ನೊಂದು ವೈರ್ ಇರುತ್ತದೆ, ಅದು ಬಟನ್ ಬೆಳಕಿಗೆ. ನಮ್ಮೂರಲ್ಲಿ ಒಬ್ಬರ ಗಾಡಿಗೆ ಯಾರೋ ಅದನ್ನೇ ಕೆಂಪಿಗೆ ಕೊಟ್ಟಿದ್ದರು. ಹಾಡು ಕೇಳಬೇಕಾದರೆ ಹಾಡುಹಗಲಲ್ಲಿ ಲೈಟ್ ಹಾಕಿಕೊಂಡು ಓಡಾಡುತ್ತಿದ್ದರು ಪಾಪ.

ವೈರ್ ಬಿಚ್ಚಿ ಜೋಡಿಸುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಬಣ್ಣದ ಕಪ್ಲರ್ ಅಥವಾ ಹಳದಿ ಕವಚದ ವೈರ್ (ಸೆಟ್‌ನ ಹಳದಿ ವೈರ್ ಅಲ್ಲ) ಕಂಡರೆ ಅದು ಏರ್‌ಬ್ಯಾಗ್‌ದು, ಅದಕ್ಕೆ ಮೀಟರ್ ಕೂಡ ಹಚ್ಚಬೇಡಿ.

ಎಫ್‌ಎಂ ಬಗ್ಗೆ ಒಂದು ಪ್ರಶ್ನೆ. ನಿಮ್ಮ ಆಂಟೆನಾ ಮೇಲೆ ಛಾವಣಿಯಲ್ಲಿದೆಯಾ? ಗಿಡ್ಡದಾ?

ಬಹಮನಿ_ಬೀದರ್

ಇಷ್ಟೆಲ್ಲ ಯಾಕೆ, ಹಳದಿ ಕೆಂಪು ಎರಡೂ ಕೂಡಿಸಿ ನೇರ ಬ್ಯಾಟರಿ ಲೈನಿಗೆ ಕೊಟ್ಟುಬಿಡಿ. ಏನೂ ಮರೆಯುವುದಿಲ್ಲ. ಇಳಿಯುವಾಗ ಪವರ್ ಬಟನ್ ಒತ್ತಿದರೆ ಆಯಿತು. ನನ್ನ ಗಾಡಿಯಲ್ಲಿ ಎರಡು ವರ್ಷದಿಂದ ಹಾಗೇ ಇದೆ, ಮಸ್ತ್ ನಡೆದಿದೆ.

ನಾನು ಹೇಳುವುದೇನಂದರೆ ಪ್ಯಾನಲ್ ಬಿಚ್ಚುವಾಗ ಹುಷಾರು. ಪ್ಲಾಸ್ಟಿಕ್ ಪಟ್ಟಿ ಹಾಕಿ ಎಬ್ಬಿಸಬೇಕು. ನನ್ನ ಗಾಡಿಗೆ ಫಿಟಿಂಗ್ ಮಾಡಿದವನು ಸ್ಕ್ರೂಡ್ರೈವರ್ ತುರುಕಿ ಡ್ಯಾಶ್‌ಬೋರ್ಡ್ ಮೇಲೆ ಪುಕ್ಕಟೆ ಬಿದರಿ ಕೆತ್ತನೆ ಮಾಡಿಕೊಟ್ಟಿದ್ದಾನೆ.

ಭೀಮಾತೀರ_ಯಾದಗಿರಿ

ಬೀದರ್ ಅಣ್ಣಾ, ಆ ಸಲಹೆ ಬೇಡ. ನಾನು ಹಾಗೇ ಮಾಡಿ ಅನುಭವಿಸಿದ್ದೇನೆ. ಯಾದಗಿರಿ ಸ್ಟೇಷನ್ ಹೊರಗೆ ಗಾಡಿ ನಿಲ್ಲಿಸಿ ಎರಡು ದಿನ ಹೈದರಾಬಾದ್‌ಗೆ ಹೋದೆ, ಗಡಿಬಿಡಿಯಲ್ಲಿ ಬಟನ್ ಒತ್ತಲು ಮರೆತೆ. ರಾತ್ರಿ ಹನ್ನೊಂದಕ್ಕೆ ಟ್ರೈನ್ ಇಳಿದು ಬಂದರೆ ಸೆಲ್ಫ್ ಟಕ್ ಟಕ್ ಅನ್ನುತ್ತದೆ ಅಷ್ಟೇ. ಆಟೋದವರು ಮೂರು ಜನ ಬಂದು ತಳ್ಳಿದರು. ಲೆಕ್ಕ ಹಾಕಿ ನೋಡಿ, ಸ್ಕ್ರೀನ್ ಉರಿಯುತ್ತಾ ಸೆಟ್ ಒಂದು ಆಂಪಿಯರ್ ಎಳೆದರೂ 35 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಒಂದೂವರೆ ದಿನದಲ್ಲಿ ಖಾಲಿ. ಸ್ಟಾರ್ಟ್ ಆಗುವಷ್ಟು ಶಕ್ತಿ ಅದಕ್ಕಿಂತ ಮೊದಲೇ ಹೋಗಿರುತ್ತದೆ. ಬಟನ್ ಒತ್ತಿದ್ದರೂ ಕೆಂಪಿಗೆ ಕರೆಂಟ್ ಇರುವ ತನಕ ಕೆಲವು ಸೆಟ್ ಪೂರ್ತಿ ಮಲಗುವುದಿಲ್ಲ, ಅರ್ಧ ಎಚ್ಚರದಲ್ಲೇ ಇರುತ್ತವೆ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನಿಮ್ಮ ಬ್ಯಾಟರಿಗೆ ಮೀಟರ್ ಹಚ್ಚಿ ನೋಡಿ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ 12.6 ತೋರಿಸಬೇಕು.

ತೊಗರಿನಾಡು ಅವರೇ, 50 ವ್ಯಾಟ್ ನೋಡಿ ಮೋಸ ಹೋಗಬೇಡಿ. ಅದು ಒಂದು ಕ್ಷಣದ ಗರಿಷ್ಠ. ಎಂಜಿನ್ ಓಡುವಾಗ ಗಾಡಿಯಲ್ಲಿ ಸಿಗುವುದೇ 14.4 ವೋಲ್ಟ್, ಸ್ಪೀಕರ್ 4 ಓಮ್. ಈ ಲೆಕ್ಕದಲ್ಲಿ ಸೆಟ್‌ನೊಳಗಿನ ಆಂಪ್ಲಿಫೈಯರ್ ಸ್ವಚ್ಛವಾಗಿ ಕೊಡಬಹುದಾದದ್ದು ಹೆಚ್ಚೆಂದರೆ 26 ವ್ಯಾಟ್. ನಿಜವಾಗಿ ಬರುವುದು 15ರಿಂದ 20. ಹಳೇ ಸೆಟ್ಟೂ ಅಷ್ಟೇ ಕೊಡುತ್ತಿತ್ತು, ಸ್ಪೀಕರೂ ಅವೇ, ಜೋರು ಎಲ್ಲಿಂದ ಬರಬೇಕು? ಆದರೆ ಬಾಸ್ ಮೊದಲಿಗಿಂತ ಕಡಿಮೆ ಅನ್ನಿಸಿದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ಉಲ್ಟಾ ಆಗಿರಬಹುದು. ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆದರೆ ಬಾಸ್ ಅಲ್ಲೇ ಸಾಯುತ್ತದೆ.

ತೊಗರಿನಾಡು

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬೆಳಿಗ್ಗೆ ಆರಕ್ಕೇ ಕೂತೆ, ಏಳೂವರೆ ಆದಮೇಲೆ ನಮ್ಮ ಬಿಸಿಲಲ್ಲಿ ಗಾಡಿಯೊಳಗೆ ಯಾರು ಕೂರುತ್ತಾರೆ.

ಪ್ಯಾನಲ್ ಬಿಚ್ಚಿ ನೋಡಿ ಹೊಟ್ಟೆ ಉರಿಯಿತು. ಕಪ್ಲರ್ ಇಲ್ಲವೇ ಇಲ್ಲ, ಕಂಪನಿ ವೈರನ್ನು ಕತ್ತರಿಸಿ ಕೈಯಲ್ಲಿ ಹೊಸೆದು ಟೇಪ್ ಸುತ್ತಿದ್ದಾನೆ. ಕಾವಿಗೆ ಟೇಪಿನ ಅಂಟು ಕರಗಿ ಬೆರಳಿಗೆಲ್ಲ ಜೇನಿನ ಹಾಗೆ. ಹಳದಿ ಕೆಂಪು ಅದಲು ಬದಲಲ್ಲ, ಶಹಾಪುರದ ಅಣ್ಣ ಹೇಳಿದ ಎರಡನೇ ಥರ: ಎರಡನ್ನೂ ಕೂಡಿಸಿ ಕೀ ವೈರಿಗೆ ಕೊಟ್ಟಿದ್ದಾನೆ. ಯಾವಾಗಲೂ 12 ಬರುವ ವೈರು ಪಕ್ಕದಲ್ಲಿ ಒಂಟಿಯಾಗಿ ಟೇಪ್ ಸುತ್ತಿಕೊಂಡು ಕೂತಿತ್ತು, ಮೀಟರ್ ಹಚ್ಚಿದರೆ 12.5. ಮೈನಸ್ ತೆಗೆದು ಹಳದಿಯನ್ನು ಅದಕ್ಕೆ ಕೊಟ್ಟೆ. ಮೂರು ದಿನ ಆಯಿತು, ಗಡಿಯಾರ ಸರಿಯಾಗಿದೆ, ಸ್ಟೇಷನ್ ಜಾಗದಲ್ಲೇ ಇವೆ!

ಆಂಟೆನಾ ಛಾವಣಿ ಮೇಲೆ ಇದೆ, ಗೇಣುದ್ದದ್ದು. ಸೆಟ್‌ನಿಂದ ಒಂದು ನೀಲಿ ವೈರು ಎಲ್ಲಿಗೂ ಹೋಗದೆ ನೇತಾಡುತ್ತಿದೆ, ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ವೈರ್‌ಮನ್_ಶಹಾಪುರ

ಅದೇ ಅದು. ಗಿಡ್ಡ ಆಂಟೆನಾಗಳ ಬುಡದಲ್ಲಿ ಎಷ್ಟೋ ಸಲ ಒಂದು ಸಣ್ಣ ಬೂಸ್ಟರ್ ಇರುತ್ತದೆ. ಅದಕ್ಕೆ 12 ವೋಲ್ಟ್ ಬೇಕು, ಹಳೇ ಸೆಟ್ ಕೊಡುತ್ತಿತ್ತು. ನೀಲಿ ವೈರು ಅದಕ್ಕೇ ಇರುವುದು. ಗಾಡಿ ಕಡೆ ಆಂಟೆನಾಗೆ ಬೇರೆ ಪವರ್ ವೈರ್ ಬಂದಿದೆಯಾ ನೋಡಿ, ಬಂದಿದ್ದರೆ ಅದಕ್ಕೆ ಸೇರಿಸಿ. ಇಲ್ಲದಿದ್ದರೆ ಆಂಟೆನಾ ಕೇಬಲ್ ಒಳಗಿಂದಲೇ ಪವರ್ ಹೋಗುವ ಪದ್ಧತಿ ಇರಬಹುದು, ಆಗ ಮಧ್ಯೆ ಹಾಕುವ ಒಂದು ಅಡಾಪ್ಟರ್ ಸಿಗುತ್ತದೆ. ನೀಲಿಯಲ್ಲಿ ಬಿಳಿ ಗೆರೆ ಇದ್ದರೆ ಅದು ಹೊರಗಿನ ಆಂಪ್ಲಿಫೈಯರಿಗೆ.

ಆ ಹೊಸೆದ ಜೋಡಣೆಗಳನ್ನು ಮಾತ್ರ ಹಾಗೇ ಬಿಡಬೇಡಿ. ಬೆಸುಗೆ ಹಾಕಿಸಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಏರಿಸಿ. ಹಳದಿ ಈಗ ಸದಾ ಕರೆಂಟ್ ಇರುವ ಲೈನು, ಟೇಪ್ ಬಿಚ್ಚಿ ಬಾಡಿಗೆ ತಾಗಿದರೆ ಫ್ಯೂಸ್ ಹೋಗುತ್ತದೆ. ಸ್ಪೀಕರ್ ಮೈನಸ್‌ಗಳನ್ನು ಒಟ್ಟಿಗೆ ಕಟ್ಟಿ ಅರ್ಥ್ ಮಾಡಿದ್ದಾನಾ ಅದನ್ನೂ ನೋಡಿ. ಹಳೇ ಕ್ಯಾಸೆಟ್ ಡೆಕ್ ಕಾಲದ ಅಭ್ಯಾಸ ಅದು, ಈಗಿನ ಸೆಟ್‌ನಲ್ಲಿ ಹಾಗೆ ಮಾಡಿದರೆ ಒಳಗಿನ ಐಸಿ ಸುಡುತ್ತದೆ.

ತೊಗರಿನಾಡು

ಬೇರೆ ಪವರ್ ವೈರ್ ಇತ್ತು, ಸೇರಿಸಿದೆ. ಕಮಲಾಪುರ ದಾಟಿದರೂ ಆಕಾಶವಾಣಿ ಕೇಳುತ್ತಿದೆ. ಸ್ಪೀಕರ್ ಮೈನಸ್‌ಗಳು ಬೇರೆ ಬೇರೆಯಾಗೇ ಇವೆ, ದೇವರು ದೊಡ್ಡವನು. ಈಗ ಒಂದೇ ಕಿರಿಕಿರಿ, ರೇಸ್ ಕೊಟ್ಟಂಗೆಲ್ಲ ಸ್ಪೀಕರಿನಲ್ಲಿ ಸಣ್ಣಗೆ ಕುಯ್ಯ್ ಅನ್ನುತ್ತದೆ.

ಭೀಮಾತೀರ_ಯಾದಗಿರಿ

ಅದು ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಸದ್ದು. ಮೊದಲು ಕಪ್ಪು ವೈರ್ ಎಲ್ಲಿ ಕಟ್ಟಿದ್ದಾನೆ ನೋಡಿ. ಪೇಂಟ್ ಮೇಲೆ ಸ್ಕ್ರೂ ಹೊಡೆದಿದ್ದರೆ ಪೇಂಟ್ ಕೆರೆದು ಬರಿ ಕಬ್ಬಿಣಕ್ಕೆ ಬಿಗಿ ಮಾಡಿ. ನನ್ನದು ಅಷ್ಟಕ್ಕೇ ನಿಂತಿತು.

ಬಹಮನಿ_ಬೀದರ್

ನಿನ್ನೆ ಬೆಳಿಗ್ಗೆ ಮೀಟರ್ ಹಚ್ಚಿದೆ. 12.1. ಹೋದ ವರ್ಷವಷ್ಟೇ ಹೊಸ ಬ್ಯಾಟರಿ ಹಾಕಿಸಿ, ಬ್ಯಾಟರಿ ಮಾರಿದವನಿಗೆ ಬೈದು ಬಂದಿದ್ದೆ. ಶಹಾಪುರದ ಅಣ್ಣಾ, ಕೆಂಪು ವೈರ್ ಒಂದನ್ನೇ ಬಿಡಿಸಿ ಕೀ ಲೈನಿಗೆ ಕೊಟ್ಟರೆ ಸಾಕಲ್ವಾ?

ವೈರ್‌ಮನ್_ಶಹಾಪುರ

ಸಾಕು. ಹಳದಿ ಇದ್ದಲ್ಲೇ ಇರಲಿ.